ಊದಲು ಬಾರದವರು ಬೇಕಾಗಿದ್ದಾರೆ

ವಾದ್ಯದಂಗಡಿಯ ವ್ಯಾನು ಬಸ್ ಡಿಪೋದ ಹಿಂದಿನ ಗೇಟಿಗೆ ಬಂದಿದೆಯೆಂದು ಕಾವಲುಗಾರ ಕೂಗಿದ್ದೇ ತಡ, ಅಕ್ಕ ಓಡಿಬಿಟ್ಟಳು. ಅವಳು ಓಡಿದ್ದನ್ನು ಆ ಡಿಪೋದಲ್ಲಿ ಅದುವರೆಗೆ ಯಾರೂ ಕಂಡಿರಲಿಲ್ಲ. ವಯಸ್ಸು ಮೂವತ್ತೆಂಟು, ಕೆಲಸ ಡ್ಯೂಟಿ ಗುಮಾಸ್ತೆಯದು. ಯಾರು ಎಷ್ಟು ಹೊತ್ತಿಗೆ ಯಾವ ಬಸ್ಸು ಹತ್ತಬೇಕೆಂದು ದಿನವೂ ಬರೆದು ಗೋಡೆಗೆ ಅಂಟಿಸುವವಳು. ಅವಳ ಹುಬ್ಬು ಒಂದಿಷ್ಟು ಮೇಲೇರಿದರೆ ಸಾಕು, ಊರಿಗೆಲ್ಲ ಜೋರು ಮಾಡುವ ಡ್ರೈವರುಗಳೂ ಬಾಲ ಮುದುರಿಕೊಂಡು ಬೆಳಗಿನ ಐದರ ಬಸ್ಸು ಹತ್ತುತ್ತಿದ್ದರು. ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಅಂಥ ಅಕ್ಕ ಈಗ ಒಂದು ಚಪ್ಪಲಿಯನ್ನು ಮೇಜಿನ ಕೆಳಗೇ ಬಿಟ್ಟು ಓಡಿದ್ದಳು.

ವ್ಯಾನಿನಲ್ಲಿ ಹನ್ನೆರಡು ಕ್ಲಾರಿನೆಟ್ ಇದ್ದವು. ಕೈಗೆಟುಕುವ ಬೆಲೆಯವು, ಹೊಸದಾಗಿ ಕಲಿಯುವವರಿಗೆಂದೇ ಮಾಡಿದವು. ಮೂರು ಬಗೆ, ಬಗೆಗೆ ನಾಲ್ಕು. ಕೆಂಪು ಪೆಟ್ಟಿಗೆಯವಕ್ಕೆ ಮರದ ಮೈ, ತೂತು ಮುಚ್ಚಲು ಚಿನ್ನದ ಬಣ್ಣದ ಕೀಗಳು. ಪೆಟ್ಟಿಗೆ ತೆರೆದರೆ ಮದುಮಗಳ ಮುಸುಕು ತೆಗೆದಂತೆ ಮಿಂಚುತ್ತಿದ್ದವು. ನೀಲಿ ಪೆಟ್ಟಿಗೆಯವು ಕಪ್ಪು, ಬೆಳ್ಳಿ ಬಣ್ಣದ ಕೀ. ಉಳಿದ ನಾಲ್ಕಕ್ಕೆ ಪೆಟ್ಟಿಗೆಯ ಭಾಗ್ಯವೂ ಇರಲಿಲ್ಲ, ಜಿಪ್ಪು ಹಾಕಿದ ಬಟ್ಟೆಚೀಲ. ಒಳಗೆ ಮಂಕಾದ ಪ್ಲಾಸ್ಟಿಕ್ ಕೊಳವೆ. ಬಚ್ಚಲಿನ ಪೈಪಿಗೆ ಯಾರೋ ಬೇಸರ ಕಳೆಯಲು ತೂತು ಕೊರೆದ ಹಾಗಿತ್ತು.

"ನಾಲ್ಕು ಗಂಟೆಗೆ ವಾಪಸ್ ಬರ್ತೀನಿ," ಅಂದ ಅಂಗಡಿಯವನು. "ಒಂದು ಬಗೆ ಆರಿಸಿ, ಅದರಲ್ಲೇ ಇನ್ನೂ ಎಂಟು ತರಿಸಿಕೊಡ್ತೀನಿ. ಉಳಿದದ್ದು ನಾನು ತಗೊಂಡು ಹೋಗ್ತೀನಿ. ಎಲ್ಲರೂ ಕೆಂಪೇ ಆರಿಸೋದು, ಸುಮ್ಮನೆ ಹೇಳಿದೆ."

ಟೈರುಗಳ ಗೋದಾಮಿಗೆ ಅಂಟಿಕೊಂಡಿದ್ದ ಮನರಂಜನೆ ಕೋಣೆಯಲ್ಲಿ ಉದ್ದ ಮೇಜಿನ ಮೇಲೆ ಹನ್ನೆರಡನ್ನೂ ಸಾಲಾಗಿ ಇಟ್ಟು ಅಕ್ಕ ಎರಡು ಹೆಜ್ಜೆ ಹಿಂದೆ ನಿಂತು ನೋಡಿದಳು. ಈ ಕೋಣೆಗೆ ಏಳು ವರ್ಷದ ಹಿಂದೆಯೂ ಒಂದು ಸಲ ಹೀಗೇ ಕ್ಲಾರಿನೆಟ್ ಬಂದಿದ್ದವು. ಡ್ರೈವರುಗಳು, ಕಂಡಕ್ಟರುಗಳು, ಮೆಕ್ಯಾನಿಕ್ಕುಗಳು, ಅಕ್ಕನೂ ಸೇರಿ ಹನ್ನೆರಡು ಜನ ಕಲಿಯಲು ಕೂತಿದ್ದರು. ಮೂರೇ ತಿಂಗಳು. ಒಬ್ಬೊಬ್ಬರಾಗಿ ಎದ್ದು ಹೋದರು. ಈಗ ಹೊಸ ಹನ್ನೆರಡು ಜನ ಹೆಸರು ಕೊಟ್ಟಿದ್ದಾರೆ, ಹಳಬರು ಒಬ್ಬರೂ ಇಲ್ಲ. ಮ್ಯಾನೇಜರು ಮೊನ್ನೆಯೇ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು: "ಎರಡನೇ ಸಲ ಅಂತ ಒಪ್ಪಿದ್ದೀನಿ ಅಕ್ಕ, ಮೂರನೇದು ಕೇಳಬೇಡಿ. ಇದೂ ಮುಚ್ಚಿದರೆ ಈ ಕೋಣೆಗೂ ಟೈರೇ ಬರೋದು." ಅಂದರೆ ಎಲ್ಲವೂ ಇವತ್ತಿನ ಆಯ್ಕೆಯ ಮೇಲೆ ನಿಂತಿತ್ತು. ತಪ್ಪು ವಾದ್ಯ ಬಂದರೆ ತರಗತಿ ಸತ್ತಂತೆ.

ಅಕ್ಕ ಈ ಹೊಸ ಪಟ್ಟಿಯಲ್ಲಿ ತನ್ನ ಹೆಸರು ಬರೆದಿರಲಿಲ್ಲ. ತನಗೆ ಸಂಗೀತ ಬರುವುದಿಲ್ಲ ಎಂಬುದನ್ನು ಅವಳು ತನ್ನ ಎತ್ತರ, ತನ್ನ ರಕ್ತದ ಗುಂಪು ಇದ್ದ ಹಾಗೆ ಒಪ್ಪಿಕೊಂಡಾಗಿತ್ತು. ಒಪ್ಪಿಸಿದವರು ಬೇರೆ ಯಾರೂ ಅಲ್ಲ, ಅವಳ ಅಪ್ಪ.

ಅಪ್ಪ ಹತ್ತು ಗಂಟೆಗೆ ಸರಿಯಾಗಿ ಬಂದರು, ಇಸ್ತ್ರಿ ಮಾಡಿದ ಕಂದು ಕೋಟು ತೊಟ್ಟು. ನಲವತ್ತು ವರ್ಷ ಊರಿನ ದೊಡ್ಡ ಬ್ಯಾಂಡಿನಲ್ಲಿ ಮೊದಲ ಕ್ಲಾರಿನೆಟ್ ಊದಿದವರು, ಎಲ್ಲರ ಬಾಯಲ್ಲೂ ಮೇಷ್ಟ್ರು. ಹಿಂದಿನ ಸಲ ವಾದ್ಯ ಆರಿಸಿದ್ದೂ ಅವರೇ, ಕಲಿಸಿದ್ದೂ ಅವರೇ. ಹನ್ನೆರಡು ಜನ ಊದಿ ಊದಿ ಕೆನ್ನೆ ಬಿದ್ದುಹೋದಾಗ, ಒಬ್ಬ ಮೆಲ್ಲಗೆ "ವಾದ್ಯದಲ್ಲೇ ಏನೋ ತೊಂದರೆ ಇದೆಯೇನೋ ಮೇಷ್ಟ್ರೇ" ಅಂದಿದ್ದ. ಮೇಷ್ಟ್ರು ಆ ವಾದ್ಯವನ್ನು ಕಸಿದುಕೊಂಡು, ಅದರಲ್ಲೇ ಜೇನು ಸುರಿಸಿದ ಹಾಗೆ ಒಂದು ರಾಗ ಊದಿ, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದು ವಾಪಸ್ ಕೊಟ್ಟಿದ್ದರು. ಅದಾದ ಮೇಲೆ ಯಾರು ಬಾಯಿ ಬಿಡುತ್ತಾರೆ? ಮಗಳಿಗೂ ಅದೇ ಮಾತು, ಸ್ವಲ್ಪ ಮೆತ್ತಗೆ: "ನಿನ್ನ ತುಟಿಗೆ ಇದು ಒಲಿಯಲ್ಲ ಕಣೆ, ಬಿಡು."

ಕೆಂಪು ಪೆಟ್ಟಿಗೆ ಕಂಡದ್ದೇ ಅವರ ಮುಖ ಅರಳಿತು. "ಅದೇ ಕಂಪನಿ! ಹೋದ ಸಲದ್ದೂ ಇವೇ. ವಾದ್ಯ ಚಿನ್ನ, ಊದಿದವರದ್ದು ಹಣೆಬರಹ."

ಅಕ್ಕನ ತಂಗಿ ಆಗ ತಾನೇ ಸ್ಕೂಟರಿನಿಂದ ಇಳಿದು ಬಂದಿದ್ದಳು. ಮನೆಯಲ್ಲಿ ಅವಳು ಪುಟ್ಟಿ. ಸೈಕಲ್ ಅಂಗಡಿಗೂ ಲಾಂಡ್ರಿಗೂ ನಡುವೆ ಒಬ್ಬರು ನಿಂತರೆ ಇನ್ನೊಬ್ಬರು ಹೊರಗೆ ಕಾಯಬೇಕಾದಷ್ಟು ಜಾಗದಲ್ಲಿ ಊದುವ ವಾದ್ಯಗಳ ರಿಪೇರಿ ಅಂಗಡಿ ಇಟ್ಟಿದ್ದಳು. ಎಲ್ಲೆಲ್ಲಿಂದಲೋ ಜನ ಅವಳನ್ನು ಹುಡುಕಿಕೊಂಡು ಬರುತ್ತಿದ್ದರೂ ಮೇಷ್ಟ್ರಿಗೆ ಅದು ಸ್ಕ್ರೂ ತಿರುಗಿಸುವ ಕೆಲಸ. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಸುಮ್ಮನೆ ಹುಟ್ಟಿದ ಮಾತಲ್ಲ.

"ಶುರು ಮಾಡೋಣ," ಅಂದರು ಮೇಷ್ಟ್ರು, ಕೋಟಿನ ಜೇಬಿನಿಂದ ಕರವಸ್ತ್ರ ತೆಗೆದು ಕಣ್ಣಿಗೆ ಕಟ್ಟಿಕೊಳ್ಳುತ್ತಾ. ಇದು ಅವರ ಪದ್ಧತಿ. ಬಣ್ಣ ಕಂಡರೆ ಕಿವಿ ಮೋಸ ಹೋಗುತ್ತದೆ, ಆದ್ದರಿಂದ ವಾದ್ಯ ಆರಿಸುವಾಗ ಕಣ್ಣು ಮುಚ್ಚಿರಬೇಕು. "ಯಾವುದು ಅಂತ ಹೇಳದೆ ಒಂದೊಂದೇ ಕೈಗೆ ಕೊಡಿ. ಹತ್ತಕ್ಕೆ ಎಷ್ಟು ಅಂತ ನಾನು ಹೇಳ್ತೀನಿ, ನೀನು ಬರ್ಕೋ."

ಅಕ್ಕ ಡ್ಯೂಟಿ ಹಾಳೆಯ ಹಿಂಬದಿಯಲ್ಲಿ ಮೂರು ಕಾಲಮ್ಮು ಎಳೆದು ಕೂತಳು. ಮೇಷ್ಟ್ರು ಊದಿದರು. ಮೊದಲ ಸ್ವರಕ್ಕೇ ಗೋದಾಮಿನ ಕಡೆಯಿಂದ ಇಬ್ಬರು ಕಿಟಕಿಗೆ ಬಂದರು, ಮೂರನೆಯ ವಾದ್ಯಕ್ಕೆ ಕಿಟಕಿಯಲ್ಲಿ ತಲೆಗಳು ತುಂಬಿಹೋದವು, ಆರನೆಯದಕ್ಕೆ ಹೊರಡಬೇಕಾಗಿದ್ದ ಬಸ್ಸಿನ ಕಂಡಕ್ಟರು ಸೀಟಿ ಬಾಯಲ್ಲಿಟ್ಟುಕೊಂಡೇ ನಿಂತುಬಿಟ್ಟಳು. ಒಂದಕ್ಕಿಂತ ಒಂದು ಸೊಗಸು. "ಒಂಬತ್ತು!" "ಒಂಬತ್ತು!" "ಎಂಟೂವರೆ!" ಎಂದು ಮೇಷ್ಟ್ರು ಹರಾಜು ಕೂಗುವ ಹಾಗೆ ಕೂಗುತ್ತಿದ್ದರು. ಅಕ್ಕನಿಗೆ ಸಂತೋಷದಲ್ಲಿ ಪೆನ್ನು ನಿಲ್ಲುತ್ತಿರಲಿಲ್ಲ. ಯಾವುದನ್ನು ತಗೊಂಡರೂ ಗೆದ್ದ ಹಾಗೆಯೇ ಅನ್ನಿಸಿತು.

"ಅಪ್ಪಾ," ಅಂದಳು ಪುಟ್ಟಿ, "ಎಲ್ಲದಕ್ಕೂ ನಿಮ್ಮ ಸ್ವಂತ ಮೌತ್‌ಪೀಸ್ ಹಾಕ್ಕೊಂಡು ಊದ್ತಿದ್ದೀರಿ."

ಮೇಷ್ಟ್ರು ಕಣ್ಣಿನ ಬಟ್ಟೆ ಸರಿಸಿ ನೋಡಿದರು. ನಿಜ. ಇಪ್ಪತ್ತು ವರ್ಷದಿಂದ ಜೇಬಿನಲ್ಲಿಟ್ಟುಕೊಂಡಿರುವ ಮೌತ್‌ಪೀಸು, ಅದಕ್ಕೆ ಅವರೇ ಕೆರೆದು ಹದ ಮಾಡಿದ ರೀಡು, ಉಸಿರಿಗೆ ಅದುರಿ ಸದ್ದು ಹೊರಡಿಸುವ ಜೊಂಡಿನ ಸೀಳು. ಕೈ ತನ್ನಷ್ಟಕ್ಕೆ ತೆಗೆದು ಸಿಕ್ಕಿಸಿಬಿಟ್ಟಿತ್ತು. ಊದುವ ವಾದ್ಯದ ಅರ್ಧ ಪ್ರಾಣ ಇರುವುದೇ ಆ ತುಂಡಿನಲ್ಲಿ. ಬೇರೆಯವರ ಮನೆಯ ಸಾರಿಗೆ ನಮ್ಮ ಮನೆಯ ಒಗ್ಗರಣೆ ಹಾಕಿ ರುಚಿ ನೋಡಿದ ಹಾಗಾಗಿತ್ತು.

"ಸರಿ, ಮತ್ತೊಂದು ಸಲ," ಅಂದರು ಮೇಷ್ಟ್ರು, ಒಂದಿಷ್ಟೂ ಕುಗ್ಗದೆ. ಈ ಸಲ ಆಯಾ ಪೆಟ್ಟಿಗೆಯಲ್ಲಿ ಬಂದ ಮೌತ್‌ಪೀಸನ್ನೇ ಹಾಕಿಕೊಂಡರು. ಮೊದಲೆರಡು ಉಸಿರಿಗೆ ಸದ್ದು ಸ್ವಲ್ಪ ಒರಟಾಗಿತ್ತು. ಆಮೇಲೆ ಮತ್ತೆ ಅದೇ ಜೇನು. ಹನ್ನೆರಡೂ ಮುಗಿಯುವ ಹೊತ್ತಿಗೆ ಮಧ್ಯಾಹ್ನ ಕಳೆದಿತ್ತು. ಲೆಕ್ಕ ಹಾಕಿದರೆ ಕೆಂಪಿಗೆ ಅರ್ಧ ಅಂಕ ಹೆಚ್ಚು. ಮೇಷ್ಟ್ರು ಗೆದ್ದ ನಗು ನಕ್ಕರು. "ನಾನು ಹೇಳಿರಲಿಲ್ವಾ?"

ಅಕ್ಕ ಕೆಂಪಿನ ಕಾಲಮ್ಮಿಗೆ ಸುತ್ತು ಹಾಕಲು ಪೆನ್ನು ಎತ್ತಿದಳು. ಪುಟ್ಟಿ ಆ ಕೈಯನ್ನು ಹಿಡಿದುಕೊಂಡಳು.

ಅಪ್ಪ ಊದುತ್ತಿದ್ದಷ್ಟು ಹೊತ್ತೂ ಪುಟ್ಟಿ ಮೂಲೆಯಲ್ಲಿ ತನ್ನ ಪಾಡಿಗೆ ಬೇರೆಯೇ ಪರೀಕ್ಷೆ ನಡೆಸಿದ್ದಳು. ವಾದ್ಯದ ಮೇಲಿನ ತುಂಡಿನ ಎಲ್ಲ ತೂತುಗಳನ್ನೂ ಬೆರಳಿಂದ ಮುಚ್ಚಿ, ತುದಿಯನ್ನು ಅಂಗೈಗೆ ಒತ್ತಿ, ಇನ್ನೊಂದು ತುದಿಯಿಂದ ಗಾಳಿ ಹೀರುವುದು. ಎಲ್ಲ ಸರಿಯಿದ್ದರೆ ಕೊಳವೆ ತುಟಿಗೆ ಅಂಟಿಕೊಂಡು ನಿಲ್ಲುತ್ತದೆ. ಎಲ್ಲೋ ಸೋರಿದರೆ ಕಳಚಿಕೊಳ್ಳುತ್ತದೆ. ಆಮೇಲೆ ಸಿಗರೇಟ್ ಕಾಗದದ ಸಣ್ಣ ಚೂರನ್ನು ಕೀಯ ಕೆಳಗಿನ ಮೆತ್ತೆಗೆ ಕೊಟ್ಟು ಎಳೆದು ನೋಡುವುದು; ಮೆತ್ತೆ ಸರಿಯಾಗಿ ಕೂತಿದ್ದರೆ ಕಾಗದ ಬಿಡುವುದಿಲ್ಲ. "ಕೆಂಪಿನ ನಾಲ್ಕೂ ಸೋರ್ತಿವೆ ಅಪ್ಪ. ನೀಲೀಲಿ ಎರಡು ಪರವಾಗಿಲ್ಲ, ಎರಡು ಕೆಟ್ಟಿವೆ. ಚೀಲದವು ಮಾತ್ರ ಗಟ್ಟಿ."

"ನಲವತ್ತು ವರ್ಷದ ನನ್ನ ಕಿವಿಗಿಂತ ನಿನ್ನ ಸಿಗರೇಟ್ ಕಾಗದ ದೊಡ್ಡದಾ?"

"ಕಿವಿ ಸರಿಯಾಗೇ ಇದೆ. ಕೆಂಪಿನಲ್ಲಿ ಒಂದೇ ಒಂದು ಸ್ವರ ಹಿಡೀರಿ."

ಅವಳು ಫೋನಿನಲ್ಲಿ ಶ್ರುತಿ ನೋಡುವ, ಸ್ವರ ಸರಿಯಿದ್ದರೆ ನಡುವೆ ನಿಲ್ಲುವ ಮುಳ್ಳನ್ನು ತೆರೆದು ಅಕ್ಕನ ಕೈಗೆ ಕೊಟ್ಟಳು. ಮೇಷ್ಟ್ರು ಸಿಟ್ಟಿನಲ್ಲೇ ಊದಿದರು. ಮುಳ್ಳು ಒಮ್ಮೆ ಬಲಕ್ಕೆ ಚಿಮ್ಮಿ, ಕಣ್ಣು ಮಿಟುಕಿಸುವಷ್ಟರಲ್ಲಿ ನಡುವಿಗೆ ಬಂದು ನಿಂತಿತು. ಇನ್ನೊಂದು ಸ್ವರ. ಮತ್ತೆ ಬಲಕ್ಕೆ, ಮತ್ತೆ ನಡುವಿಗೆ. ಪ್ರತಿ ಸಲವೂ ಅಪ್ಪನ ಗದ್ದ ಕೂದಲೆಳೆಯಷ್ಟು ಇಳಿಯುವುದನ್ನು, ಕಿರುಬೆರಳಿನ ಗೆಣ್ಣು ಬೆಳ್ಳಗಾಗುವುದನ್ನು ಅಕ್ಕ ನೋಡಿದಳು. ನೋಡಿದವಳು ಎದ್ದು ನಿಂತಳು. ವಾದ್ಯದ ವಿಷಯ ಅವಳಿಗೆ ಅಷ್ಟಾಗಿ ತಿಳಿಯದು, ಆದರೆ ಈ ಕಾಯಿಲೆಯನ್ನು ಅವಳು ಹದಿನೈದು ವರ್ಷದಿಂದ ದಿನಾ ನೋಡುತ್ತಿದ್ದಳು.

"ಅಪ್ಪಾ, ಇದು ನಮ್ಮ ಹಳೇ ಡ್ರೈವರುಗಳ ಕಥೆ," ಅಂದಳು. ಮಾತು ಒಂದರ ಮೇಲೊಂದು ಬಿದ್ದು ಬರುತ್ತಿತ್ತು. "ಎಡಕ್ಕೆ ಎಳೆಯೋ ಬಸ್ಸನ್ನ ಮೂವತ್ತು ವರ್ಷದ ಡ್ರೈವರಿಗೆ ಕೊಟ್ಟರೆ ಬಸ್ಸು ಬೆಣ್ಣೆ ಅಂತಾರೆ. ಸುಳ್ಳಲ್ಲ. ಕೈ ತಾನೇ ಬಲಕ್ಕೆ ಹಿಡಿದಿರುತ್ತೆ, ಅವರಿಗೇ ಗೊತ್ತಾಗಲ್ಲ. ಅದೇ ಬಸ್ಸು ಹೊಸಬನ ಕೈಗೆ ಕೊಟ್ಟರೆ ಬೆವರಿಳಿಸ್ಕೊಂಡು ವಾಪಸ್ ಬರ್ತಾನೆ. ಅದಕ್ಕೇ ರಿಪೇರಿ ಆದ ಬಸ್ಸನ್ನ ನಾನು ಯಾವತ್ತೂ ಮೊದಲು ಹೊಸಬರಿಗೆ ಹಾಕೋದು. ನಿಮ್ಮ ತುಟಿ ಬೆರಳು ಎರಡೂ ವಾದ್ಯದ ತಪ್ಪನ್ನೆಲ್ಲ ತಿದ್ದಿಬಿಡ್ತಿವೆ. ಈ ಪರೀಕ್ಷೆಗೆ ನೀವು ಆಗಲ್ಲ ಅಪ್ಪ. ಊದೋಕೆ ಬರದವರು ಬೇಕು."

ಹೇಳಿ ಮುಗಿಸಿದ ಮೇಲೆ ಅಕ್ಕನಿಗೆ ತಾನು ಎಲ್ಲಿಗೆ ಬಂದು ನಿಂತೆ ಎಂಬುದು ಹೊಳೆಯಿತು. ಬೆರಳಿನ ಜಾಗ ಗೊತ್ತಿರಬೇಕು, ಊದಲು ಬರಬಾರದು. ಹೊಸ ಹನ್ನೆರಡು ಜನರಿಗೆ ಬೆರಳೂ ಗೊತ್ತಿಲ್ಲ. ಪುಟ್ಟಿ ಅವಳನ್ನೇ ನೋಡುತ್ತಿದ್ದಳು. ಕಿಟಕಿಯಲ್ಲಿದ್ದ ತಲೆಗಳೂ ಅವಳನ್ನೇ ನೋಡುತ್ತಿದ್ದವು.

"ನಾನು ಊದಲ್ಲ," ಅಂದಳು ಅಕ್ಕ.

"ನಿನ್ನಷ್ಟು ಚೆನ್ನಾಗಿ ಊದೋಕೆ ಬರದವರು ಇನ್ಯಾರು ಸಿಗ್ತಾರೆ ನಂಗೆ," ಅಂದಳು ಪುಟ್ಟಿ.

ಯಾರೋ ಕಿಸಕ್ಕೆಂದರು. ಅಕ್ಕನಿಗೂ ನಗು ಬಂತು, ನಗುವಿನ ಕೆಳಗೆ ಭಯವೂ ಇತ್ತು. ಇಷ್ಟು ಜನರ ಎದುರಿಗೆ, ಅಪ್ಪನ ಎದುರಿಗೆ. ಗಡಿಯಾರ ನೋಡಿದಳು, ಎರಡೂವರೆ. ಹಾಳಾದ್ದು ಹಾಳಾಗಲಿ ಎಂದು ಅಪ್ಪನ ಕರವಸ್ತ್ರವನ್ನೇ ಕೇಳಿ ಇಸಿದುಕೊಂಡು ಕಣ್ಣಿಗೆ ಕಟ್ಟಿಕೊಂಡು ಕುರ್ಚಿಯಲ್ಲಿ ಕೂತಳು. ಪುಟ್ಟಿ ಹೊಸ ರೀಡು ನೆನೆಸಿ ಕೊಟ್ಟಳು.

ಮೊದಲನೆಯದು ಬಾತುಕೋಳಿಯ ಹಾಗೆ ಅರಚಿತು. ಎರಡನೆಯದರಲ್ಲಿ ಮೇಲಿನ ಮೂರು ಸ್ವರ ಬಂದವು, ಕೆಳಗಿನ ಕೈಯ ಬೆರಳು ಮುಚ್ಚಿದ್ದೇ ತಡ ಉಸ್ಸೆಂದು ಬರಿಯ ಗಾಳಿ. ಮೂರನೆಯದೂ ಹಾಗೇ. ನಾಲ್ಕನೆಯದರಲ್ಲಿ ಸದ್ದೇ ಇಲ್ಲ. ಕಿಟಕಿಯಲ್ಲಿದ್ದವರು ನಗುವುದನ್ನು ನಿಲ್ಲಿಸಿದ್ದರು, ಅದು ನಗುವುದಕ್ಕಿಂತ ಕಷ್ಟವಾಗಿತ್ತು. ಕಟ್ಟಿದ ಬಟ್ಟೆಯೊಳಗೆ ಅಕ್ಕನ ಕಣ್ಣು ಉರಿಯತೊಡಗಿತು. ಏಳು ವರ್ಷದ ಹಿಂದಿನ ಅದೇ ಕುರ್ಚಿ, ಅದೇ ಉಸ್ಸು, ಗಾಳಿಯನ್ನು ಗುದ್ದಿ ಮೈ ನೋಯಿಸಿಕೊಂಡ ಅದೇ ದಣಿವು. ಅಪ್ಪ ಹೇಳಿದ್ದು ಸುಳ್ಳಾಗಿರಲಿಲ್ಲ ಅಂದುಕೊಂಡಳು. ಐದನೆಯದು ಕೈಗೆ ಬಂತು. ಇದೊಂದನ್ನು ಊದಿ ಎದ್ದುಬಿಡುತ್ತೇನೆಂದು ನಿಶ್ಚಯಿಸಿ ಉಸಿರು ಬಿಟ್ಟಳು.

ಸ್ವರ ಬಂತು.

ತಾನು ಊದಿದ್ದೋ ಅಪ್ಪ ಊದಿದ್ದೋ ಎಂದು ಅವಳಿಗೆ ಒಂದು ಗಳಿಗೆ ತಿಳಿಯಲಿಲ್ಲ. ಒಂದು ಬೆರಳು ಮುಚ್ಚಿದಳು, ಬಂತು. ಇನ್ನೊಂದು, ಬಂತು. ಕೆಳಗಿನ ಕೈಗೆ ಬಂದಾಗ ಹೆದರಿ ತಡೆದಳು, ಆಮೇಲೆ ಮುಚ್ಚಿದಳು. ಅಲ್ಲೂ ಬಂತು, ದಪ್ಪಗೆ, ತುಂಬಿಕೊಂಡು, ಎದೆಯ ಮೂಳೆಗೆ ತಾಕುವ ಹಾಗೆ. ಎಲ್ಲ ಬೆರಳೂ ಮುಚ್ಚಿ ತೀರ ಕೆಳಗಿನ ಸ್ವರಕ್ಕೆ ಇಳಿದಳು. ಇನ್ನು ಉಳಿದದ್ದು ಆ ಒಂದು ಜಾಗ. ಹಾಗೇ ಎಲ್ಲ ಮುಚ್ಚಿಟ್ಟುಕೊಂಡು ಹಿಂದಿನ ಹೆಬ್ಬೆರಳಿನ ಕೀ ಒತ್ತಿದರೆ ಸ್ವರ ಮೇಲಿನ ಮಾಳಿಗೆಗೆ ಹಾರಬೇಕು. ಹಳೆಯ ಹನ್ನೆರಡು ಜನರಲ್ಲಿ ಒಬ್ಬರೂ ದಾಟದ ಹೊಳೆ ಅದು, ತರಗತಿ ಮುಳುಗಿದ್ದೂ ಅಲ್ಲೇ. ಅಕ್ಕ ಒತ್ತಿದಳು.

ಸ್ವರ ಹಾರಿತು. ಬಿರುಕಿಲ್ಲದೆ, ಅರಚದೆ, ನೇರವಾಗಿ. ಕಿಟಕಿಯಲ್ಲಿದ್ದವರು ಹೋ ಎಂದರು. ಅಕ್ಕ ಕೂತಲ್ಲಿಂದ ಎದ್ದಿದ್ದಳು, ಎದ್ದದ್ದು ಅವಳಿಗೆ ಗೊತ್ತಿರಲಿಲ್ಲ. ಉಸಿರು ತೀರಿದರೂ ಆ ಸ್ವರವನ್ನು ಬಿಡಲು ಮನಸ್ಸಿರಲಿಲ್ಲ. ಕೊನೆಗೆ ಬಿಟ್ಟು ಕಣ್ಣಿನ ಬಟ್ಟೆ ಕಿತ್ತು ಕೈ ನೋಡಿಕೊಂಡಳು. ಬಚ್ಚಲ ಪೈಪು.

"ಇನ್ನೊಂದ್ಸಲ," ಅಂದಳು. "ಬೆರಸಿಕೊಡು. ನಾನು ನೋಡಲ್ಲ."

ಪುಟ್ಟಿ ಹನ್ನೆರಡನ್ನೂ ಬೆರಸಿದಳು. ಅಕ್ಕ ಈಗ ಹಸಿದವಳ ಹಾಗೆ ಒಂದಾದ ಮೇಲೊಂದು ಕಿತ್ತುಕೊಂಡು ಊದಿದಳು. ಕೆಂಪು ನಾಲ್ಕೂ ಉಸ್ಸೆಂದವು. ನೀಲಿಯಲ್ಲಿ ಪುಟ್ಟಿ ಹೇಳಿದ ಎರಡೇ ಮಾತಾಡಿದವು. ಚೀಲದವುಗಳಲ್ಲಿ ಮೂರು ಹಾಡಿದವು, ಒಂದು ನಡುವೆ ಗಂಟಲು ಹಿಡಿದಂತಾಯಿತು. ಪುಟ್ಟಿ ಅದನ್ನು ತಿರುಗಿಸಿ ನೋಡಿ, "ಸೋರಿಕೆಯಲ್ಲ, ಕೀ ಬಿಗಿ" ಎಂದು ಒಂದು ಸ್ಕ್ರೂವನ್ನು ಕಾಲು ಸುತ್ತು ಸಡಿಲಿಸಿ ಕೊಟ್ಟಳು. ಅದೂ ಹಾಡಿತು.

ಮೇಷ್ಟ್ರು ಎದ್ದು ಬಂದು ಒಂದು ಕೆಂಪನ್ನು ತಗೊಂಡು ಕಿಟಕಿಯ ಅರ್ಧ ಮುಚ್ಚಿದ ಗಾಜಿನೆದುರು ನಿಂತರು. ಗಾಜಿನಲ್ಲಿ ತಮ್ಮ ಬೆರಳುಗಳನ್ನೇ ನೋಡುತ್ತಾ ಕೆಳಗಿನ ಸ್ವರ ಊದಿದರು. ಚೆನ್ನಾಗಿಯೇ ಬಂತು. ಆಮೇಲೆ ಬೆರಳನ್ನು ಸ್ವಲ್ಪ ಸಡಿಲ ಬಿಟ್ಟು, ಹೊಸಬರು ಇಟ್ಟ ಹಾಗೆ ಇಟ್ಟು ಊದಲು ನೋಡಿದರು. ಬೆರಳು ಕೇಳಲಿಲ್ಲ, ತಾನಾಗಿಯೇ ಹೋಗಿ ಒತ್ತಿತು. ಮೂರು ಸಲ ಪ್ರಯತ್ನಿಸಿದರು. ನಾಲ್ಕನೆಯ ಸಲ ಹೇಗೋ ಬೆರಳನ್ನು ಗೆದ್ದರು. ವಾದ್ಯ ಉಸ್ಸೆಂದಿತು, ಮಗಳು ಊದಿದಾಗ ಅಂದ ಹಾಗೆಯೇ.

ಮೇಷ್ಟ್ರು ವಾದ್ಯವನ್ನು ಮೇಜಿನ ಮೇಲೆ ಇಟ್ಟರು.

"ನೆಲ ಡೊಂಕೇ ಇತ್ತು," ಅಂದರು. ಮಗಳ ಕಡೆ ತಿರುಗಿ, "ನಿನಗೆ ಬರಲ್ಲ ಅಂತ ಏಳು ವರ್ಷ ನಂಬಿಸಿಟ್ಟೆ ಮಗಾ. ಬಾರದೇ ಇದ್ದದ್ದು ನನಗೆ. ನನಗೆ ನೋಡೋಕೆ ಬರಲಿಲ್ಲ."

ಅಪ್ಪ ತಪ್ಪು ಒಪ್ಪಿಕೊಂಡದ್ದನ್ನು ಅಕ್ಕ ಹುಟ್ಟಿದಾರಭ್ಯ ಕೇಳಿರಲಿಲ್ಲ. ಅವಳಿಗೆ ಒಟ್ಟೊಟ್ಟಿಗೇ ಸಂತೋಷವೂ ಸಿಟ್ಟೂ ಬಂದವು, ಎರಡೂ ಜೋರಾಗಿಯೇ ಬಂದವು. ಅಪ್ಪನ ತೋಳು ಹಿಡಿದುಕೊಳ್ಳಬೇಕೆನ್ನಿಸಿತು, ಏಳು ವರ್ಷವನ್ನು ಯಾರು ವಾಪಸ್ ಕೊಡುತ್ತಾರೆಂದು ಕೇಳಬೇಕೆನ್ನಿಸಿತು. ಎರಡನ್ನೂ ಮಾಡಲಿಲ್ಲ. ಎಷ್ಟಾದರೂ ಅವಳು ಡ್ಯೂಟಿ ಗುಮಾಸ್ತೆ.

"ನನಗೊಬ್ಬಳಿಗೆ ಹೇಳಿದರೆ ಆಗಲ್ಲ ಅಪ್ಪ. ಇನ್ನೂ ಹನ್ನೊಂದು ಜನ ಇದ್ದಾರೆ."

"ಹೇಳ್ತೀನಿ. ಒಂದು ದಿನ ಎಲ್ಲರನ್ನೂ ಕರೆದು..."

"ಒಂದು ದಿನ ಅಲ್ಲ, ಈಗ. ಐದು ಜನ ಇಲ್ಲೇ ಡಿಪೋದಲ್ಲಿದ್ದಾರೆ. ನಾಲ್ಕು ಜನ ದಾರಿ ಮೇಲಿದ್ದಾರೆ, ಮೊದಲನೆಯವಳು ನಾಲ್ಕೂ ಇಪ್ಪತ್ತಕ್ಕೆ ಬರ್ತಾಳೆ, ಕೊನೆಯವನು ಆರಕ್ಕೆ. ಒಬ್ಬರಿಗೆ ರಜೆ, ಮನೆ ಹತ್ತಿರಾನೇ. ಒಬ್ಬರು ನಿವೃತ್ತಿ ಆಗಿದ್ದಾರೆ, ಅವರಿಗೆ ಫೋನು." ಅವಳು ಹಾಳೆಯನ್ನು ನೋಡದೆಯೇ ಹೇಳಿದ್ದಳು. "ನೀವೇ ಹೋಗಿ ಹೇಳಬೇಕು. ನಾನು ಜೊತೆಗೆ ಬರ್ತೀನಿ, ಮಾತಾಡಲ್ಲ."

ಪುಟ್ಟಿ ಉಪಕರಣಗಳ ಪೆಟ್ಟಿಗೆಯೊಳಗೆ ಏನನ್ನೋ ಹುಡುಕುವವಳ ಹಾಗೆ ತಲೆ ತಗ್ಗಿಸಿದಳು. ಎಪ್ಪತ್ತೆರಡು ವರ್ಷದ ಮೇಷ್ಟ್ರು ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡರು, ವೇದಿಕೆ ಹತ್ತುವ ಮುಂಚೆ ಹಾಕಿಕೊಳ್ಳುತ್ತಿದ್ದ ಹಾಗೆ, ಮತ್ತು ಹೊರಟರು.

ಅಷ್ಟರಲ್ಲಿ ವ್ಯಾನು ಬಂತು. ಅಕ್ಕ ಬಾಗಿಲಲ್ಲೇ ನಿಂತು ಚೀಲದವುಗಳ ಚೀಟಿಗೆ ಸಹಿ ಹಾಕಿದಳು. "ಇದಾ?" ಎಂದು ಅಂಗಡಿಯವನು ಬಾಯಿ ಬಿಟ್ಟ. "ಇದನ್ನ ಸುಮ್ಮನೆ ಲೆಕ್ಕಕ್ಕಿರಲಿ ಅಂತ ತಂದಿದ್ದೆ." "ಎಂಟಲ್ಲ, ಇಪ್ಪತ್ತು ತರಿಸಿ, ಹಳಬರಿಗೂ ಬೇಕು," ಅಂದಳು ಅಕ್ಕ. ಅವನು ಮೂರು ಸಲ ಕೇಳಿಕೊಂಡ, ಅವಳು ಮೂರು ಸಲವೂ ಇಪ್ಪತ್ತೆಂದೇ ಹೇಳಿದಳು. ಮ್ಯಾನೇಜರಿಗೆ ಏನು ಹೇಳುವುದೆಂದು ಆಮೇಲೆ ನೋಡಿಕೊಂಡರಾಯಿತು. ಅಪ್ಪನನ್ನು ಹಿಡಿಯಲು ಅವಳು ಆ ದಿನ ಎರಡನೆಯ ಸಲ ಓಡಬೇಕಾಯಿತು.

ಮೊದಲು ಸಿಕ್ಕ ಕಂಡಕ್ಟರಮ್ಮ ಮೇಷ್ಟ್ರ ಮಾತು ಕೇಳಿ ಜೋರಾಗಿ ನಕ್ಕಳು, "ಅಯ್ಯೋ, ನಾನು ಅದನ್ನ ಮರೆತೇಬಿಟ್ಟಿದ್ದೆ" ಅಂದಳು, ನಾಲ್ಕು ಹೆಜ್ಜೆ ಹೋದವಳು ತಿರುಗಿ ಬಂದು "ನಿಜವಾಗ್ಲೂ ವಾದ್ಯದ್ದೇ ತಪ್ಪಾ?" ಎಂದು ಮತ್ತೆ ಕೇಳಿದಳು. ಎರಡನೆಯವನು ಡ್ರೈವರು. ಅವನು ಮೇಷ್ಟ್ರ ಕೈಯನ್ನು ಎರಡೂ ಕೈಯಿಂದ ಹಿಡಿದು ಅಲ್ಲಾಡಿಸಿದ. ಮೂರನೆಯವನು ವರ್ಕ್‌ಶಾಪಿನಲ್ಲಿ, ಎತ್ತಿ ನಿಲ್ಲಿಸಿದ ಒಂದು ಬಸ್ಸಿನ ಕೆಳಗೆ ಅಂಗಾತ ಮಲಗಿದ್ದ. ಹೊರಗೆ ಕಾಣುತ್ತಿದ್ದದ್ದು ಎರಡು ಬೂಟು. ಡಿಪೋದಲ್ಲಿ ಅವನಿಗೆ ಗ್ರೀಸಣ್ಣ ಅನ್ನುತ್ತಿದ್ದರು. ಆ ದಿನ ವಾದ್ಯದಲ್ಲೇ ತೊಂದರೆ ಇರಬಹುದು ಎಂದು ಬಾಯಿ ಬಿಟ್ಟಿದ್ದವನು ಅವನೇ.

ಮೇಷ್ಟ್ರು ಆ ಬೂಟುಗಳ ಪಕ್ಕದಲ್ಲಿ ನಿಂತರು, ಆಮೇಲೆ ಮೊಣಕಾಲು ಹಿಡಿದುಕೊಂಡು ಕುಕ್ಕರುಗಾಲಿನಲ್ಲಿ ಕೂತರು.

"ನಾನಪ್ಪ, ಮೇಷ್ಟ್ರು. ನೀನು ಅವತ್ತು ಹೇಳಿದ್ದು ಸರಿ. ನಾನು ಕೊಟ್ಟ ವಾದ್ಯ ಸೋರ್ತಿತ್ತು. ತಪ್ಪು ನಿನ್ನದಾಗಿರಲಿಲ್ಲ. ಎಲ್ಲರೆದುರಿಗೆ ನಾನು ಆ ಮಾತು ಅಂದೆ, ಅನ್ನಬಾರದಿತ್ತು."

ಸ್ಪ್ಯಾನರಿನ ಸದ್ದು ನಿಂತಿತು. ಬೂಟುಗಳು ಅಲ್ಲಾಡಲಿಲ್ಲ. ಅವನು ಹೊರಗೆ ಬರಲಿಲ್ಲ, ಮಾತು ಮಾತ್ರ ಬಂತು.

"ಕೆಲಸ ಮಾಡುವಾಗ ನಾನು ಶಿಳ್ಳೆ ಹಾಕ್ತಿದ್ದೆ ಮೇಷ್ಟ್ರೇ. ಹುಡುಗನಾಗಿದ್ದಾಗಿಂದ. ಅವತ್ತಿಂದ ಹಾಕಿಲ್ಲ. ಅದೂ ತಪ್ಪು ತಪ್ಪಾಗೇ ಬರ್ತಿತ್ತೇನೋ, ಜನ ಪಾಪ ಸುಮ್ಮನಿದ್ದರೇನೋ ಅಂತ."

ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ಮೇಷ್ಟ್ರು ಕೋಟಿನ ಸಮೇತ ಆ ಎಣ್ಣೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು.

"ಈಗ ಹಾಕು," ಅಂದರು. "ನಾನು ಕೇಳಬೇಕು."

ಸ್ಪ್ಯಾನರನ್ನು ನೆಲಕ್ಕಿಟ್ಟ ಸದ್ದಾಯಿತು. ಆಮೇಲೆ ಬಸ್ಸಿನ ಕೆಳಗಿನಿಂದ, ಒಣಗಿದ ತುಟಿಯ ಸಣ್ಣ ಶಿಳ್ಳೆಯೊಂದು ಶುರುವಾಯಿತು, ತಡವರಿಸಿತು, ದಾರಿ ಹಿಡಿಯಿತು. ಶ್ರುತಿ ಸ್ವಲ್ಪ ಇಳಿದಿತ್ತು. ಅಕ್ಕನಿಗೇ ಅದು ಗೊತ್ತಾಯಿತು ಅಂದಮೇಲೆ ಮೇಷ್ಟ್ರಿಗೆ ಗೊತ್ತಾಗದೆ ಇರುತ್ತದೆಯೇ? ಅವರು ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿದರು, ಏನನ್ನೂ ತಿದ್ದಲಿಲ್ಲ.